ರಕ್ತದ ಕಬ್ಬಿಣ, ಎದೆಯ ಗಡ್ಡೆ: ಕಾಸರಗೋಡಿನ ಹೆಣ್ಣುಮಕ್ಕಳು ಹೆದರಬೇಕಾದ್ದು ಯಾವುದಕ್ಕೆ?

“ಟೀಚರೇ, ಈ ಮಾತ್ರೆ ತಿಂದರೆ ಎದೆಯಲ್ಲಿ ಗಡ್ಡೆ ಬೆಳೆಯುತ್ತದಂತೆ, ಹೌದಾ?”

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಅಂಗನವಾಡಿಯಲ್ಲೋ ಕುಟುಂಬಶ್ರೀಯ ಅಯಲ್ಕೂಟದಲ್ಲೋ (ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪು) ಕಬ್ಬಿಣದ ಮಾತ್ರೆಯ ಮಾತು ಬಂದಾಗ ಇಂಥದೊಂದು ಪ್ರಶ್ನೆ ಏಳುವುದುಂಟು. ಕೇಳುವವರನ್ನು ಗದರಿಸಿ ಕೂರಿಸುವುದು ಸರಿಯಲ್ಲ. ಕ್ಯಾನ್ಸರ್ ಕೋಶಕ್ಕೆ ಕಬ್ಬಿಣದ ಹಸಿವು ಹೆಚ್ಚು ಎನ್ನುವುದು ಪ್ರಯೋಗಾಲಯಗಳಲ್ಲಿ ಚೆನ್ನಾಗಿ ಕಂಡುಕೊಂಡ ವಿಚಾರ. ಅದೇ ಮಾತು ಮೊಬೈಲಿನಿಂದ ಮೊಬೈಲಿಗೆ ದಾಟುತ್ತ ಬಂದು, “ಕಬ್ಬಿಣ ತಿಂದರೆ ಕ್ಯಾನ್ಸರ್” ಎಂದಾಗಿದೆ. ಈ ಎರಡು ಮಾತುಗಳ ನಡುವೆ ದೊಡ್ಡ ಅಂತರವಿದೆ, ಮತ್ತು ಆ ಅಂತರ ಗೊತ್ತಿಲ್ಲದೆ ಮಾತ್ರೆ ಬಿಟ್ಟವರ ಆರೋಗ್ಯ ಕೆಡುತ್ತದೆ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಲೆಕ್ಕ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ಶೇ. 47.8, ಕೇರಳದಲ್ಲಿ ಶೇ. 36.3. ಕೇರಳ ವಾಸಿ ಎಂದು ಸಮಾಧಾನಪಡುವ ಹಾಗಿಲ್ಲ. 2015–16ರ ಸಮೀಕ್ಷೆಯಲ್ಲಿ ಇಲ್ಲಿನ ಪ್ರಮಾಣ ಶೇ. 34.3 ಇತ್ತು, ಇಳಿಯುವ ಬದಲು ಏರಿದೆ. ಆರೋಗ್ಯ ಸೌಲಭ್ಯಕ್ಕೆ ಹೆಸರಾದ ರಾಜ್ಯದಲ್ಲೂ ಮೂವರಲ್ಲಿ ಒಬ್ಬಾಕೆಗೆ ರಕ್ತ ಕಡಿಮೆ. 2023ರಲ್ಲಿ ಸರಕಾರ ‘ವಿವಾ ಕೇರಳಂ’ ಎಂಬ ಹೆಸರಿನಲ್ಲಿ ರಕ್ತಹೀನತೆಯ ವಿರುದ್ಧ ಪ್ರತ್ಯೇಕ ಅಭಿಯಾನ ಶುರುಮಾಡಿದ್ದು ಇದಕ್ಕೇ.

ಕಾರಣಗಳು ದೂರದಲ್ಲಿಲ್ಲ. ತಿಂಗಳ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೂ ಅದನ್ನು ಡಾಕ್ಟರ ಹತ್ತಿರ ಹೇಳದೆ ವರ್ಷಗಟ್ಟಲೆ ಸಹಿಸುವುದು ಒಂದು. ಅಡಿಕೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಹತ್ತುವ ಕೊಕ್ಕೆಹುಳ ಇನ್ನೊಂದು; ಅದು ಕರುಳಿಗೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತದೆ. ಊಟವಾದ ಕೂಡಲೇ ಒಂದು ಲೋಟ ಕಡು ಚಹಾ ಕುಡಿಯುವ ಅಭ್ಯಾಸವೂ ಸೇರುತ್ತದೆ. ಚಹಾದ ಒಗರು ಅಂಶ ಹರಿವೆ, ಬಸಳೆ, ಹುರುಳಿಯಲ್ಲಿರುವ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಅಮ್ಮಂದಿರ ತಟ್ಟೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಕಡೆ ಸ್ತನ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಅದು ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ತೀರಿಕೊಂಡರು. ನಮ್ಮ ಹೆಣ್ಣುಮಕ್ಕಳನ್ನು ಕಾಡುವ ಕ್ಯಾನ್ಸರುಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಹೀಗೆ ಎರಡು ಕಾಯಿಲೆಗಳೂ ಒಂದೇ ಮನೆಯಲ್ಲಿರುವಾಗ ಒಂದರ ಔಷಧ ಇನ್ನೊಂದನ್ನು ತರುತ್ತದೆಯೇ ಎಂಬ ಅನುಮಾನ ಹುಟ್ಟುವುದು ಸಹಜ.

ಗಡ್ಡೆಯೊಳಗೆ ನಡೆಯುವುದೇನು?

ದೊಡ್ಡವರ ದೇಹದಲ್ಲಿರುವ ಕಬ್ಬಿಣ ಒಟ್ಟು 3ರಿಂದ 4 ಗ್ರಾಂ. ಹೆಂಗಸರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಊಟದಿಂದ ದಿನಕ್ಕೆ ಹೀರಿಕೊಳ್ಳುವುದು 1–2 ಮಿಲಿಗ್ರಾಂ ಅಷ್ಟೇ. ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ದಾರಿಯಿಲ್ಲ, ಹಾಗಾಗಿ ಒಳಗೆ ಬಿಡುವಾಗಲೇ ಬಿಗಿ. ಪಿತ್ತಜನಕಾಂಗದಿಂದ ಬರುವ ಹೆಪ್ಸಿಡಿನ್ ಎಂಬ ಹಾರ್ಮೋನು ಈ ಬಿಗಿಯನ್ನು ನಡೆಸುತ್ತದೆ. ಬೇಕಾದಷ್ಟು ಇದ್ದರೆ ಹೆಪ್ಸಿಡಿನ್ ಏರಿ, ಕರುಳಿನಿಂದ ಬರುವುದನ್ನು ತಡೆಯುತ್ತದೆ. ಕೊರತೆಯಿದ್ದರೆ ಅದು ಇಳಿದು ದಾರಿ ತೆರೆಯುತ್ತದೆ. ಮಿಕ್ಕದ್ದು ಫೆರಿಟಿನ್ ಎಂಬ ಪ್ರೊಟೀನಿನಲ್ಲಿ ದಾಸ್ತಾನಾಗುತ್ತದೆ, ಹಳೆಯ ಮನೆಗಳ ಪತ್ತಾಯದಲ್ಲಿ ಭತ್ತ ತುಂಬಿಟ್ಟ ಹಾಗೆ.

ಕಬ್ಬಿಣವನ್ನು ಇಷ್ಟು ಜೋಪಾನ ಮಾಡುವುದಕ್ಕೆ ಕಾರಣವಿದೆ. ಹಂಗಿಲ್ಲದೆ ತಿರುಗುವ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿದರೆ ಡಿಎನ್‌ಎಯನ್ನು ಹಾಳುಮಾಡಬಲ್ಲ ಅತಿ ಚುರುಕಿನ ಕಣಗಳು ಹುಟ್ಟುತ್ತವೆ. ಇದಕ್ಕೆ ಆಧಾರವಾದ ರಾಸಾಯನಿಕ ಕ್ರಿಯೆಯನ್ನು ಫೆಂಟನ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ 1894ರಲ್ಲೇ ವಿವರಿಸಿದ್ದರು. ಸಾಲದ್ದಕ್ಕೆ, ಕೋಶ ಒಡೆದು ಎರಡಾಗುವಾಗಲೆಲ್ಲ ಡಿಎನ್‌ಎಯ ಪ್ರತಿ ತೆಗೆಯಲು ಕಬ್ಬಿಣ ಬೇಕು. ಬೇಗ ಬೇಗ ಒಡೆಯುವುದೇ ಕ್ಯಾನ್ಸರ್ ಕೋಶದ ಕೆಲಸವಾದ್ದರಿಂದ ಅದಕ್ಕೆ ಕಬ್ಬಿಣದ ಅಗತ್ಯ ಹೆಚ್ಚು. ಸ್ತನ ಕ್ಯಾನ್ಸರಿನ ಕೋಶಗಳು ಕಬ್ಬಿಣವನ್ನು ಒಳಗೆಳೆಯುವ ಗ್ರಾಹಿಗಳನ್ನು ಹೆಚ್ಚಿಸಿಕೊಳ್ಳುತ್ತವೆ, ಹೊರಗೆ ಕಳಿಸುವ ಫೆರೊಪೋರ್ಟಿನ್ ಎಂಬ ಪ್ರೊಟೀನನ್ನು ಕಡಿಮೆ ಮಾಡಿಕೊಳ್ಳುತ್ತವೆ. 2010ರಲ್ಲಿ ಅಮೆರಿಕದ ಸಂಶೋಧಕರು ನೂರಾರು ರೋಗಿಗಳ ಗಡ್ಡೆಯ ಜೀನ್ ಮಾಹಿತಿಯನ್ನು ಜಾಲಾಡಿ, ಗಡ್ಡೆಯಲ್ಲಿ ಫೆರೊಪೋರ್ಟಿನ್ ಹೆಚ್ಚಿದ್ದು ಹೆಪ್ಸಿಡಿನ್ ಕಡಿಮೆಯಿದ್ದವರಲ್ಲಿ ಹತ್ತು ವರ್ಷ ಬದುಕಿದವರು ಶೇ. 90ಕ್ಕೂ ಹೆಚ್ಚು ಎಂದು ತೋರಿಸಿದರು. ಕಬ್ಬಿಣವನ್ನು ಹೊರಗೆ ಬಿಟ್ಟುಕೊಡುವ ಗಡ್ಡೆ ಅಷ್ಟು ಉಗ್ರವಾಗಿರಲಿಲ್ಲ ಎಂದರ್ಥ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಈ ಹಸಿವು ಗಡ್ಡೆಯ ಸ್ವಭಾವ. ರಕ್ತದಲ್ಲಿ ಕಬ್ಬಿಣ ತುಂಬಿರುವುದರಿಂದ ಅದು ಬಂದದ್ದಲ್ಲ. ರಕ್ತಹೀನತೆಯಿರುವ ಹೆಂಗಸಿನ ಗಡ್ಡೆಯೂ ತನಗೆ ಬೇಕಾದದ್ದನ್ನು ಎಳೆದುಕೊಳ್ಳುತ್ತದೆ. ಊಟ, ಮಾತ್ರೆ ಬಿಟ್ಟು ಗಡ್ಡೆಯನ್ನು ಉಪವಾಸ ಕೆಡವುತ್ತೇನೆಂದು ಹೊರಟರೆ ಮೊದಲು ಸೊರಗುವುದು ಆಕೆಯ ಅಸ್ಥಿಮಜ್ಜೆ, ಸ್ನಾಯು, ಹೃದಯ. ಇದೇ ಕಬ್ಬಿಣದ ಲೋಭವನ್ನು ಕ್ಯಾನ್ಸರ್ ಕೋಶದ ವಿರುದ್ಧ ತಿರುಗಿಸುವ ಸಂಶೋಧನೆಯೂ ನಡೆಯುತ್ತಿದೆ: ಕಬ್ಬಿಣದ ನೆರವಿನಿಂದಲೇ ಕೋಶ ಸಾಯುವ ಒಂದು ಬಗೆಗೆ 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ‘ಫೆರೊಪ್ಟೋಸಿಸ್’ ಎಂದು ಹೆಸರಿಟ್ಟಿತು.

ಜನರ ನಡುವಿನ ಅಧ್ಯಯನಗಳು

ಕೋಶದ ಮಟ್ಟದಲ್ಲಿ ಕಂಡದ್ದು ಊರಿನ ಮಟ್ಟದಲ್ಲೂ ಕಾಣಬೇಕಲ್ಲ? ಅಲ್ಲಿಗೆ ಬಂದಾಗ ಚಿತ್ರ ಮಸುಕಾಗುತ್ತದೆ. 2019ರಲ್ಲಿ ಕೆನಡಾದ ಸಂಶೋಧಕರು ಅಲ್ಲಿಯವರೆಗಿನ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಊಟದ ಒಟ್ಟು ಕಬ್ಬಿಣಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಮಾತ್ರೆ, ಟಾನಿಕ್ಕಿನ ಕಬ್ಬಿಣಕ್ಕೂ ಕಾಣಲಿಲ್ಲ; ಹೆಚ್ಚು ತೆಗೆದುಕೊಂಡವರ ಅಪಾಯ ಕಡಿಮೆ ತೆಗೆದುಕೊಂಡವರ 1.02 ಪಟ್ಟು, ಅಂದರೆ ಹೆಚ್ಚುಕಡಿಮೆ ಸಮ. ಅಯಲ್ಕೂಟದ ಪ್ರಶ್ನೆಗೆ ನೇರ ಉತ್ತರ ಇದೇ.

ಸ್ವಲ್ಪ ಏರಿಕೆ ಕಂಡದ್ದು ಎರಡು ಕಡೆ. ಮಾಂಸದಲ್ಲಿರುವ ಹೀಮ್ ಕಬ್ಬಿಣವನ್ನು ಅತಿ ಹೆಚ್ಚು ತಿನ್ನುವವರಲ್ಲಿ 1.12 ಪಟ್ಟು, ರಕ್ತದ ದ್ರವಭಾಗದಲ್ಲಿರುವ ಕಬ್ಬಿಣ, ಅಂದರೆ ಸೀರಂ ಕಬ್ಬಿಣ, ಅತಿ ಹೆಚ್ಚಿರುವವರಲ್ಲಿ 1.22 ಪಟ್ಟು. ಫೆರಿಟಿನ್ ವಿಚಾರದಲ್ಲಿ ಖಚಿತ ಸಂಬಂಧ ಸಿಗಲಿಲ್ಲ. 1.12 ಎಂದರೆ ಎಷ್ಟು? ಸಾವಿರ ಮಂದಿಯಲ್ಲಿ 30 ಮಂದಿಗೆ ಬರುವ ಕಾಯಿಲೆ ಎಂದಿಟ್ಟುಕೊಂಡರೆ ಅದು 33 ಅಥವಾ 34 ಆಗುತ್ತದೆ. ಅದೂ ಕಬ್ಬಿಣದಿಂದಲೋ, ಮಾಂಸದ ಕೊಬ್ಬಿನಿಂದಲೋ, ಕೆಂಡದ ಮೇಲೆ ಸುಡುವುದರಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. ಈ ಅಧ್ಯಯನಗಳಲ್ಲಿ ಹೆಚ್ಚಿನವು ದನ, ಹಂದಿಯ ಮಾಂಸ ದಿನಬಳಕೆಯಾಗಿರುವ ದೇಶಗಳವು. ಬಂಗುಡೆ, ಬೂತಾಯಿ ತಿನ್ನುವ ಉಪ್ಪಳದ ಮನೆಗೋ ತರಕಾರಿಯಲ್ಲೇ ಊಟ ಮುಗಿಸುವ ನೀರ್ಚಾಲಿನ ಮನೆಗೋ ಆ ಲೆಕ್ಕವನ್ನು ಹಾಗೆಯೇ ಹೊಂದಿಸುವುದು ಸರಿಯೆಂದು ನನಗನಿಸುವುದಿಲ್ಲ. ಸೀರಂ ಕಬ್ಬಿಣವಂತೂ ಬೆಳಿಗ್ಗೆ ಒಂದು, ಸಂಜೆ ಒಂದು. ಜ್ವರ ಬಂದರೆ ಇಳಿಯುತ್ತದೆ. ಒಂದು ಸಲ ತೆಗೆದ ರಕ್ತವನ್ನು ನಂಬಿ ಹತ್ತು ವರ್ಷದ ಭವಿಷ್ಯ ಹೇಳಲಾಗದು. ಸ್ತನ ಕ್ಯಾನ್ಸರ್ ಬಂದವರ ಅಕ್ಕತಂಗಿಯರನ್ನೇ, ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು, ಸೇರಿಸಿಕೊಂಡ ಅಮೆರಿಕದ ‘ಸಿಸ್ಟರ್ ಸ್ಟಡಿ’ಯ ಮಾಹಿತಿಯಲ್ಲೂ ರಕ್ತದ ಕಬ್ಬಿಣ ಹೆಚ್ಚಿದ್ದರೆ ಕ್ಯಾನ್ಸರ್ ಹೆಚ್ಚು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ನಿಜವಾಗಿ ಕಬ್ಬಿಣ ತುಂಬಿ ತುಳುಕುವವರ ಕಥೆ ಬೇರೆ. ಎಚ್‌ಎಫ್‌ಇ ಎಂಬ ಜೀನಿನ ದೋಷ ತಂದೆತಾಯಿ ಇಬ್ಬರಿಂದಲೂ ಬಂದರೆ ಕರುಳು ಮಿತಿಯಿಲ್ಲದೆ ಕಬ್ಬಿಣ ಹೀರುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂಥ ಮಹಿಳೆಯರಿಗೆ ಸ್ತನ ಕ್ಯಾನ್ಸರಿನ ಅಪಾಯ ಎರಡು ಪಟ್ಟು ಮೀರಿತ್ತು. ಆದರೆ ಆ ದೋಷ ಹೆಚ್ಚಾಗಿ ಉತ್ತರ ಯುರೋಪಿನ ಮೂಲದವರಲ್ಲಿ; ಭಾರತದಲ್ಲಿ ತೀರಾ ವಿರಳ. ಅಮೆರಿಕದ ಮಾಜಿ ಸೈನಿಕರಲ್ಲಿ, ಕಾಲಿನ ರಕ್ತನಾಳದ ಕಾಯಿಲೆಯಿದ್ದ 1,277 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಆಗಾಗ ರಕ್ತ ತೆಗೆದು ಕಬ್ಬಿಣ ಇಳಿಸಿದಾಗ ಹೊಸ ಕ್ಯಾನ್ಸರುಗಳು 60ರ ಬದಲು 38 ಆದವು. ಕುತೂಹಲದ ಫಲಿತಾಂಶ, ನಿಜ. ಅವರೆಲ್ಲ ಬಹುತೇಕ ವಯಸ್ಸಾದ ಗಂಡಸರು. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ ಮೂವತ್ತರ ಹೆಂಗಸಿಗೆ ಅದನ್ನು ತಂದು ಅಂಟಿಸುವಂತಿಲ್ಲ.

ನನ್ನ ಮಟ್ಟಿಗೆ ಯೋಚಿಸಬೇಕಾದ ಘಟ್ಟ ಮುಟ್ಟು ನಿಂತ ನಂತರದ್ದು. ರಕ್ತಸ್ರಾವ ನಿಂತ ಮೇಲೆ ಕೆಲವೇ ವರ್ಷಗಳಲ್ಲಿ ಫೆರಿಟಿನ್ ಎರಡು–ಮೂರು ಪಟ್ಟು ಏರುತ್ತದೆ. ಸ್ತನ ಕ್ಯಾನ್ಸರಿನ ಅಪಾಯವೂ ವಯಸ್ಸಿನೊಡನೆ ಏರುವಂಥದು. ಒಂದು ಇನ್ನೊಂದಕ್ಕೆ ಕಾರಣವೆಂದು ತೀರ್ಮಾನಿಸುವಷ್ಟು ಆಧಾರ ಇಲ್ಲದಿದ್ದರೂ, ಆ ವಯಸ್ಸಿನಲ್ಲಿ “ನಿಶ್ಶಕ್ತಿ ಉಂಟು” ಎಂದು ಪರೀಕ್ಷೆಯಿಲ್ಲದೆ ಮೆಡಿಕಲ್ ಶಾಪಿನಿಂದ ಕಬ್ಬಿಣದ ಟಾನಿಕ್ ತಂದು ತಿಂಗಳುಗಟ್ಟಲೆ ಕುಡಿಯುವುದಕ್ಕೆ ಯಾವ ಅರ್ಥವೂ ಇಲ್ಲ. ಸರಕಾರದ ‘ಅನೀಮಿಯಾ ಮುಕ್ತ ಭಾರತ’ ಯೋಜನೆ ವಾರಕ್ಕೊಂದು ಕೆಂಪು ಮಾತ್ರೆ ಕೊಡುವುದು 20ರಿಂದ 49 ವಯಸ್ಸಿನವರಿಗೆ ಮಾತ್ರ. ಐವತ್ತು ದಾಟಿದವರಲ್ಲಿ ನಿಜಕ್ಕೂ ಕಬ್ಬಿಣ ಕಡಿಮೆಯಿದ್ದರೆ ಟಾನಿಕ್ಕಿಗಿಂತ ಮೊದಲು ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಹೊಟ್ಟೆಯ ಹುಣ್ಣೋ ಮೂಲವ್ಯಾಧಿಯೋ ಕರುಳಿನ ಕ್ಯಾನ್ಸರೋ ಟಾನಿಕ್ಕಿನ ಮರೆಯಲ್ಲಿ ಅಡಗಿ ಬೆಳೆಯಬಾರದು.

ಎರಡು ರಿಪೋರ್ಟುಗಳು

ಮಂಜೇಶ್ವರ, ಕುಂಬಳೆಯವರು ಚಿಕಿತ್ಸೆಗೆ ಮಂಗಳೂರಿಗೆ ಹೋಗುತ್ತಾರೆ. ತೆಂಕಣದವರು ಕಣ್ಣೂರಿಗೆ, ಕ್ಯಾನ್ಸರಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ. ತಿರುವನಂತಪುರ ಇಲ್ಲಿಂದ 500 ಕಿಲೋಮೀಟರಿಗೂ ಆಚೆ. ಹೀಗಾಗಿ ನಮ್ಮವರ ಪ್ಲಾಸ್ಟಿಕ್ ಕವರಿನಲ್ಲಿ ಎರಡು ರಾಜ್ಯಗಳ ಲ್ಯಾಬ್ ರಿಪೋರ್ಟುಗಳಿರುತ್ತವೆ. ಒಂದು ಕಡೆ ಫೆರಿಟಿನ್ನನ್ನು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂದೂ ಇನ್ನೊಂದು ಕಡೆ ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದೂ ಬರೆದಿದ್ದರೆ ಗಾಬರಿ ಬೇಡ, ಎರಡೂ ಒಂದೇ ಸಂಖ್ಯೆ.

ಇಬ್ಬರು ಹೆಂಗಸರು ಎಂದುಕೊಳ್ಳಿ. ಇಬ್ಬರಿಗೂ ಹಿಮೋಗ್ಲೋಬಿನ್ 10, ಇರಬೇಕಾದ್ದು 12. ಮೊದಲನೆಯವರಿಗೆ ವಯಸ್ಸು 34, ಫೆರಿಟಿನ್ 8. ಆರೋಗ್ಯವಂತರಲ್ಲಿ 15ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವರ ಪತ್ತಾಯ ಬರಿದಾಗಿದೆ, ಮಾತ್ರೆ ಬೇಕೇ ಬೇಕು. ಎರಡನೆಯವರಿಗೆ 55, ಸ್ತನ ಕ್ಯಾನ್ಸರಿಗೆ ಕಿಮೋ ನಡೆಯುತ್ತಿದೆ, ಫೆರಿಟಿನ್ 320. ಮೇಲ್ನೋಟಕ್ಕೆ ಕಬ್ಬಿಣ ಧಾರಾಳ. ಆದರೆ ಫೆರಿಟಿನ್ ಉರಿಯೂತದಲ್ಲೂ ಏರುತ್ತದೆ: ಜ್ವರ, ಸೋಂಕು, ಕೊಬ್ಬು ತುಂಬಿದ ಪಿತ್ತಜನಕಾಂಗ, ಗಡ್ಡೆ, ಯಾವುದಿದ್ದರೂ. ಉರಿಯೂತ ಹೆಪ್ಸಿಡಿನ್ನನ್ನು ಏರಿಸಿ, ದಾಸ್ತಾನಿನ ಕಬ್ಬಿಣ ಮಜ್ಜೆಗೆ ತಲುಪದಂತೆ ಮಾಡುತ್ತದೆ. ಒಳಗೆ ಇದೆ, ಕೈಗೆ ಸಿಗುವುದಿಲ್ಲ. ಆಗ ಡಾಕ್ಟರು ನೋಡುವುದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೊಟೀನಿನ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ); ಅದು ಶೇ. 20ಕ್ಕಿಂತ ಕೆಳಗಿದ್ದರೆ ಬಾಯಿಯ ಮಾತ್ರೆ ಹೆಚ್ಚು ಕೆಲಸ ಮಾಡದು, ನರದ ಮೂಲಕ ಕೊಡುವ ಕಬ್ಬಿಣ ಬೇಕಾಗಬಹುದು. ಗಡ್ಡೆ ಪತ್ತೆಯಾದ ದಿನ ಫೆರಿಟಿನ್ ಹೆಚ್ಚಿತ್ತು ಎಂದ ಮಾತ್ರಕ್ಕೆ ಕಬ್ಬಿಣದಿಂದ ಗಡ್ಡೆ ಬಂತು ಎನ್ನಲಾಗದು, ಗಡ್ಡೆಯೇ ಫೆರಿಟಿನ್ನನ್ನು ಏರಿಸಿರಬಹುದು. ಬಹಳ ಮಂದಿ ಎಡವುವುದು ಇಲ್ಲೇ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮಾತ್ರ ಕಬ್ಬಿಣವನ್ನು ತಾವಾಗಿ ತೆಗೆದುಕೊಳ್ಳಬಾರದು. ನಮ್ಮ ಕಡೆ ‘ರಕ್ತ ಆಗಲಿ’ ಎಂದು ಲೋಹಾಸವ ಕುಡಿಸುವ ರೂಢಿಯಿದೆ. ಅದರಲ್ಲಿ ಕಬ್ಬಿಣವಿದೆ, ಹುದುಗಿನಿಂದ ಬಂದ ಮದ್ಯಾಂಶವೂ ಇದೆ. ಸ್ತನ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಹೃದಯಕ್ಕೆ ಹಾನಿ ಮಾಡುವುದರಲ್ಲಿ ಕಬ್ಬಿಣದ ಪಾತ್ರವಿದೆ. ಹೃದಯವನ್ನು ಕಾಯಲು ಕೊಡುವ ಡೆಕ್ಸ್‌ರಾಜಾಕ್ಸೇನ್ ಕಬ್ಬಿಣವನ್ನು ಹಿಡಿದುಕೊಳ್ಳಬಲ್ಲ ಔಷಧ. ರಕ್ತ ಏರಿಸುವ ಎರಿತ್ರೊಪೊಯೆಟಿನ್ ಚುಚ್ಚುಮದ್ದೂ ನಿರಪಾಯಕರವಲ್ಲ. ಹರಡಿದ ಸ್ತನ ಕ್ಯಾನ್ಸರಿನ 939 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷ ಬದುಕಿದವರು ಅದನ್ನು ಪಡೆದವರಲ್ಲಿ ಶೇ. 70, ಪಡೆಯದವರಲ್ಲಿ ಶೇ. 76. ಹಾಗಾಗಿ ಮನೆಯಲ್ಲಿ ಕುಡಿಸುತ್ತಿರುವ ಲೇಹ್ಯ, ಆಸವ, ಟಾನಿಕ್ ಎಲ್ಲವನ್ನೂ ಕಿಮೋ ಕೊಡುವ ಡಾಕ್ಟರಿಗೆ ತೋರಿಸಲೇಬೇಕು. ಬೈಯುತ್ತಾರೆ ಎಂದು ಬಚ್ಚಿಡುವುದು ಬೇಡ.

ನಂಬಿಕೆಯ ಪ್ರಶ್ನೆ

ಕಾಸರಗೋಡಿನಲ್ಲಿ “ಸರಕಾರ ಕೊಡುವುದು ಸುರಕ್ಷಿತ” ಎಂದರೆ ಜನ ಸುಮ್ಮನೆ ತಲೆಯಾಡಿಸುವುದಿಲ್ಲ, ಅದಕ್ಕೆ ಕಾರಣವಿದೆ. ಸರಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಾಗಲೂ ಏನೂ ಆಗದು ಎಂದೇ ಹೇಳಿದ್ದರು. ಎಣ್ಮಕಜೆಯ ಪಡ್ರೆಯಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳನ್ನು ಕಂಡವರಿಗೆ ಆ ಮಾತು ಮರೆತಿಲ್ಲ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಡೆ ತಡೆದದ್ದು 2011ರಲ್ಲಿ. ಆದ್ದರಿಂದ ರೇಷನ್ ಅಂಗಡಿಯ ಸಾರವರ್ಧಿತ ಅಕ್ಕಿಯನ್ನು ಕಂಡು “ಪ್ಲಾಸ್ಟಿಕ್ ಅಕ್ಕಿ” ಎಂದವರನ್ನೂ ಮಾತ್ರೆ ಕಂಡು ಹಿಂಜರಿದವರನ್ನೂ ನಾನು ಅಜ್ಞಾನಿಗಳೆನ್ನುವುದಿಲ್ಲ. ಅವರಿಗೆ ಲೆಕ್ಕ ಕೊಡಬೇಕು. ಆ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣವಿದೆ. ದಿನಕ್ಕೆ 300 ಗ್ರಾಂ ಅಕ್ಕಿ ಉಂಡರೆ ಸಿಗುವುದು 8ರಿಂದ 13 ಮಿಲಿಗ್ರಾಂ, ಅದರಲ್ಲೂ ದೇಹ ಹೀರುವುದು ಸಣ್ಣ ಪಾಲು. ವಾರದ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ. ಮುಟ್ಟಾಗುವ ಹೆಂಗಸಿನ ದೇಹದಲ್ಲಿ ಕಬ್ಬಿಣ ಮಿತಿಮೀರುವಷ್ಟು ಇದಲ್ಲ. ಥಲಸ್ಸೇಮಿಯಾದಂತಹ ಕಾಯಿಲೆಯಿದ್ದು ಆಗಾಗ ರಕ್ತ ಏರಿಸಿಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸಬಹುದು, ಮಲಬದ್ಧತೆ ಆಗಬಹುದು. ರಾತ್ರಿ ಊಟದ ನಂತರ ತೆಗೆದುಕೊಂಡರೆ ತೊಳಸುವುದು ಕಡಿಮೆ. ಜೊತೆಗೆ ಲಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಹೀರಿಕೆ ಹೆಚ್ಚು; ಚಹಾ ಒಂದು ಗಂಟೆ ದೂರವಿರಲಿ. ದೋಸೆಗೆ ಹಳೆಯ ಕಬ್ಬಿಣದ ಕಾವಲಿ ಇದ್ದರೆ ನಾನ್‌ಸ್ಟಿಕ್ಕಿನ ಮೋಹದಲ್ಲಿ ಗುಜರಿಗೆ ಹಾಕಬೇಡಿ. ಮೀನು ತಿನ್ನುವವರಿಗೆ ಮರುವಾಯಿಯಲ್ಲಿ ಕಬ್ಬಿಣ ಯಥೇಚ್ಛ.

ಸ್ತನ ಕ್ಯಾನ್ಸರಿನ ಭಯಕ್ಕೆ ಬೇರೆಯೇ ಉತ್ತರ ಬೇಕು. ವಯಸ್ಸು, ಮನೆತನದಲ್ಲಿ ಬಂದ ಜೀನ್, ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯ, ಇವುಗಳ ಪಾತ್ರಕ್ಕೆ ಗಟ್ಟಿ ಆಧಾರವಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ ಒಂದೂವರೆ ಲಕ್ಷ ಮಹಿಳೆಯರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರು. ಹತ್ತನೆಯ ತರಗತಿ ಓದಿದ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿಸಿದರು. 2021ರಲ್ಲಿ ಬಂದ ಫಲಿತಾಂಶದಂತೆ ಗಡ್ಡೆಗಳು ಮೊದಲ ಹಂತದಲ್ಲೇ ಸಿಕ್ಕವು. 50 ದಾಟಿದವರಲ್ಲಿ ಸಾವು ಸುಮಾರು ಶೇ. 30 ಇಳಿಯಿತು. ಯಂತ್ರವಿಲ್ಲ, ರಕ್ತ ಪರೀಕ್ಷೆಯಿಲ್ಲ. ಕೇರಳವೂ 2025ರ ಫೆಬ್ರವರಿ 4ರಂದು ಮಹಿಳೆಯರ ಕ್ಯಾನ್ಸರ್ ತಪಾಸಣೆಯ ಅಭಿಯಾನ ಆರಂಭಿಸಿತು. ಅದರ ಚೀಟಿ, ಭಿತ್ತಿಪತ್ರ, ಫಾರಂ ಎಲ್ಲವೂ ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯ ಮನೆಗಳಿಗೆ ಕನ್ನಡದಲ್ಲಿ ತಲುಪಬೇಕು. ಮಲಯಾಳ ಓದಲು ಬಾರದ ಅರವತ್ತರ ಅಮ್ಮನಿಗೇ ಈ ಪರೀಕ್ಷೆಯ ಅಗತ್ಯ ಹೆಚ್ಚು.

ಮೂವತ್ತು ದಾಟಿದವರು ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ಕೇಳಿ ಸ್ತನ ಪರೀಕ್ಷೆ ಮಾಡಿಸಿಕೊಳ್ಳಬಹುದು. ನೋವಿಲ್ಲದ ಗಂಟು, ಚರ್ಮ ಒಳಸೇದುವುದು, ತೊಟ್ಟು ಒಳಗೆ ತಿರುಗುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಮುಂದಿನ ತಿಂಗಳಿಗೆ ಮುಂದೂಡಬಾರದು. “ಮೊದಲು ರಕ್ತ ಸರಿಯಾಗಲಿ, ಆಮೇಲೆ ಬಯಾಪ್ಸಿ” ಎಂದು ಮನೆಯಲ್ಲಿ ಹೇಳುವುದುಂಟು. ಗಡ್ಡೆಯಿಂದ ಸೂಜಿಯಲ್ಲಿ ಚೂರು ತೆಗೆಯಲು ಸಾಮಾನ್ಯವಾಗಿ ರಕ್ತಹೀನತೆ ಅಡ್ಡಿಯಲ್ಲ. ಬಯಾಪ್ಸಿಯ ಫಲಿತಾಂಶ ಬರುವಷ್ಟರಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ ಎರಡನ್ನೂ ಪರೀಕ್ಷಿಸಿ ರಕ್ತಹೀನತೆಯ ಚಿಕಿತ್ಸೆಯನ್ನೂ ಜೊತೆಗೇ ಶುರುಮಾಡಬಹುದು.